ಪರೀಕ್ಷೆ ಮುಗಿಯುವವರೆಗೆ

ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಮನೆ ಚಿತ್ರದುರ್ಗದಲ್ಲಿ, ಕೋಟೆಯ ಕೆಳಗಿನ ಹಳೇ ಪೇಟೆಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತೇನೆ. ಮನೆಯಲ್ಲಿ ನಾವು ಆಡುವುದು ಉರ್ದು. ಬುರ್ಖಾ ತೆಗೆದಿಟ್ಟು ಹಳಗನ್ನಡ ಪದ್ಯ ಬಿಡಿಸುವ ಮಿಸ್ಸನ್ನು ಕಂಡು ಮೊದಲ ವರ್ಷ ಮಕ್ಕಳು ಮುಸಿಮುಸಿ ನಕ್ಕಿದ್ದರು. ಈಗ ಅವರ ತಮ್ಮ ತಂಗಿಯರು ಓದುತ್ತಿದ್ದಾರೆ, ಯಾರಿಗೂ ಅದು ಸುದ್ದಿಯಲ್ಲ.

ಆ ಹುಡುಗಿ ನಮ್ಮಲ್ಲಿಗೆ ಎಂಟನೇ ತರಗತಿಗೆ ಬಂದು ಸೇರಿದಳು. ಪ್ರೈಮರಿ ಓದಿದ್ದು ಹಿರಿಯೂರಿನಲ್ಲಿ. ಅಪ್ಪ ಟೈಲ್ಸ್ ಹಾಕುವವನು. ಹಿರಿಯೂರಿನಲ್ಲಿ ಕೆಲಸ ಕಡಿಮೆಯಾದಾಗ ಹೊಸದುರ್ಗಕ್ಕೆ ಹೋಗಿದ್ದರು, ಅಲ್ಲಿಂದ ಹೊಳಲ್ಕೆರೆಗೆ ಬಂದಿದ್ದರು. ಸೇರಿಸಲು ಬಂದ ದಿನ ಅವನು ಹೆಡ್‌ಮಾಸ್ಟರಿಗೆ, "ನಾವು ಕಲ್ಕತ್ತಾ ಕಡೆಯೋರು ಸರ್" ಎಂದಿದ್ದ. ಹಿರಿಯೂರಿನ ಶಾಲೆಯ ಟಿ.ಸಿ. ಇತ್ತು, ಅಷ್ಟು ಸಾಕಾಗಿತ್ತು.

ಹುಡುಗಿಯ ಮಾತಿನಲ್ಲಿ ಮಾತ್ರ ಕಲ್ಕತ್ತಾ ಇರಲಿಲ್ಲ. ಇಲ್ಲಿಯ ಬೀದಿಯಲ್ಲಿ ಆಡಿ ಬೆಳೆದ ಮಕ್ಕಳು ಹೇಗೆ ಮಾತಾಡುತ್ತಾರೋ ಹಾಗೇ ಮಾತಾಡುತ್ತಿದ್ದಳು. ಗಣಿತದಲ್ಲಿ ಸಾಧಾರಣ, ಕನ್ನಡದಲ್ಲಿ ಜಾಣೆ, ಆಟದಲ್ಲಿ ಎಲ್ಲರಿಗಿಂತ ಮುಂದೆ. ಒಂಬತ್ತನೇ ತರಗತಿಯಲ್ಲಿ ಖೋಖೋ ತಂಡದ ಜೊತೆ ಚಿತ್ರದುರ್ಗಕ್ಕೆ ಹೋಗಿ ಗೆದ್ದು ಬಂದಳು. ಮುಂದಿನ ಹಂತಕ್ಕೆ ಆಯ್ಕೆಯಾದವರೆಲ್ಲ ಆಧಾರ್ ಮತ್ತು ಜನನ ಪ್ರಮಾಣಪತ್ರ ತರಬೇಕೆಂದು ದೈಹಿಕ ಶಿಕ್ಷಕರು ಹೇಳಿದರು. ಮರುದಿನ ಅವಳು ಕುಂಟುತ್ತಾ ಬಂದಳು. "ಕಾಲು ಉಳುಕೈತೆ ಸರ್, ನಾನು ಬರಲ್ಲ" ಎಂದಳು. ಮಧ್ಯಾಹ್ನ ಬಿಸಿಯೂಟದ ಬೆಲ್ಲಾದಾಗ ತಟ್ಟೆ ಹಿಡಿದು ಓಡಿಹೋದದ್ದನ್ನು ನಾನು ನೋಡಿದೆ. ದೊಡ್ಡವಳಾದ ಹುಡುಗಿಯನ್ನು ಪರ ಊರಿಗೆ ಕಳಿಸಲು ಮನೆಯವರು ಒಪ್ಪಿರಲಿಕ್ಕಿಲ್ಲ ಅಂದುಕೊಂಡೆ. ಹಾಗೆ ನಿಂತುಹೋಗುವ ಹೆಣ್ಣುಮಕ್ಕಳು ಪ್ರತಿ ವರ್ಷವೂ ಇರುತ್ತಾರೆ.

ಹತ್ತನೇ ತರಗತಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿತ್ತು. ಅವತ್ತು ಸಮಾಜ ವಿಜ್ಞಾನ. ನಾನು ಆ ಕೊಠಡಿಯ ಮೇಲ್ವಿಚಾರಕಿ. ಆ ಹುಡುಗಿ ಪೂರ್ತಿ ಹೊತ್ತು ಬರೆದಳು, ಹೆಚ್ಚಿನ ಹಾಳೆ ಕೂಡ ಕೇಳಿ ಪಡೆದಳು. ಎಲ್ಲರೂ ಹೊರಗೆ ಹೋದ ಮೇಲೆ ಮೇಜಿನ ಹತ್ತಿರ ಬಂದು ನಿಂತಳು.

"ಮಿಸ್, ಇವತ್ತು ನಾನು ಸ್ಕೂಲಲ್ಲೇ ಇರಬೋದಾ?"

"ಯಾಕೆ?"

"ಮನೇಲಿ ಯಾರೂ ಇಲ್ಲ. ಬೆಳಿಗ್ಗೆ ಪೊಲೀಸ್‌ನೋರು ಬಂದು ಅಬ್ಬನ್ನ, ಅಮ್ಮನ್ನ, ತಮ್ಮನ್ನ ಕರ್ಕಂಡೋದ್ರು. ನಾನು ನೀರು ತರಕ್ಕೆ ಹೋಗಿದ್ದೆ. ವಾಪಸ್ ಬಂದಾಗ ಬಾಗ್ಲು ತೆಗೆದಿತ್ತು. ಪಕ್ಕದ ಮನೆಯೋರು ಹೇಳಿದ್ರು."

"ಮತ್ತೆ ನೀನು ಇಲ್ಲಿಗೆ ಬಂದ್ಯಲ್ಲೇ?"

"ಸಮಾಜ ಪೇಪರ್ ಇತ್ತಲ್ಲ ಮಿಸ್."

ಅವಳು ಅಳುತ್ತಿರಲಿಲ್ಲ. ಯೂನಿಫಾರ್ಮ್ ಹಾಕಿಕೊಂಡು, ಜಡೆ ಹೆಣೆದುಕೊಂಡು ಬಂದಿದ್ದಳು. ಒಂದು ಜಡೆ ಮೇಲೆ, ಒಂದು ಕೆಳಗೆ ಆಗಿತ್ತು. ದಿನವೂ ಅಮ್ಮ ಹಾಕುತ್ತಿದ್ದಳಂತೆ.

ನಾನು ಅವಳನ್ನು ಹೆಡ್‌ಮಾಸ್ಟರ ಕೋಣೆಗೆ ಕರೆದುಕೊಂಡು ಹೋದೆ. ಅವರು ಬಿ.ದುರ್ಗದ ಕಡೆಯವರು, ನಿವೃತ್ತಿಗೆ ಹತ್ತಿರವಿದ್ದರು. ಮಠದ ಭಕ್ತರು, ಹಣೆಯಲ್ಲಿ ವಿಭೂತಿ ಅಳಿಸಿದ್ದನ್ನು ನಾನು ನೋಡಿಲ್ಲ. ಪೂರ್ತಿ ಕೇಳಿ, "ನಿಮ್ಮೂರು ನಿಜವಾಗಿ ಯಾವುದಮ್ಮ?" ಎಂದರು.

"ಅಬ್ಬ ಅಮ್ಮ ಬಾಂಗ್ಲಾದೇಶದೋರು ಸರ್. ಯಾರಿಗೂ ಹೇಳಬ್ಯಾಡ ಅಂದಿದ್ರು. ಈಗ ಅವ್ರೇ ಹೇಳಿರ್ತಾರೆ."

"ನೀನು ಎಲ್ಲಿ ಹುಟ್ಟಿದ್ದು?"

"ಅಲ್ಲೇ ಅಂತೆ. ಎತ್ಕಂಡು ಬಂದ್ರಂತೆ. ನಂಗೇನು ಗೊತ್ತು ಸರ್? ಹುಟ್ಟಿದ್ದು ಯಾರಿಗಾದ್ರೂ ನೆನಪಿರ್ತೈತಾ?"

ಹೆಡ್‌ಮಾಸ್ಟರು ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬರಲು ಹೇಳಿದರು. ನಾನು ಒಳಗೆ ಬಂದಾಗ ಫ್ಯಾನಿನ ವೇಗ ಹೆಚ್ಚು ಮಾಡಿಕೊಂಡಿದ್ದರು. "ಮೇಡಂ, ನಾವು ಪಾಠ ಮಾಡೋರು. ಇದಕ್ಕೆಲ್ಲ ಕೈ ಹಾಕಿದ್ರೆ ನಾಳೆ ಟಿ.ವಿ.ಯೋರು ಗೇಟ್ ಹತ್ರ ನಿಂತಿರ್ತಾರೆ. ನಂಗೆ ಇನ್ನು ಆರೇಳು ತಿಂಗಳು ಸರ್ವಿಸ್ ಐತೆ" ಎಂದರು. ಹಾಗೆಂದವರೇ ಫೋನ್ ತೆಗೆದುಕೊಂಡು ಠಾಣೆಗೆ ಮಾತಾಡಿದರು. ಮಗು ಶಾಲೆಯಲ್ಲಿದೆ, ಸುರಕ್ಷಿತವಾಗಿದೆ, ಅವಳ ಟೀಚರ್ ಜೊತೆಗಿದ್ದಾರೆ ಎಂದು ತಿಳಿಸಿದರು. ಹುಡುಗಿ ಎಲ್ಲಿ ಎಂದು ಅವರೂ ಹುಡುಕುತ್ತಿದ್ದರಂತೆ.

ಮನೆಗೆ ಕರೆದುಕೊಂಡು ಹೋಗುವ ಯೋಚನೆ ನನಗೆ ಬಂತು. ಆದರೆ ಮನೆ ಅಣ್ಣನದು, ನನ್ನೊಬ್ಬಳದಲ್ಲ. ಶಾಲೆಯಿಂದ ಸ್ವಲ್ಪ ದೂರದಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಸಣ್ಣ ದವಾಖಾನೆ ಇದೆ, ಪಕ್ಕದಲ್ಲೇ ಹೆಣ್ಣುಮಕ್ಕಳ ಹಾಸ್ಟೆಲ್. ಅಲ್ಲಿಯ ಹಿರಿಯ ಸಿಸ್ಟರ್ ಕೇರಳದವರು. ಇಲ್ಲಿಗೆ ಬಂದು ಎಷ್ಟೋ ಕಾಲವಾಗಿ ಮಲಯಾಳಂ ಎಳೆತ ಉಳಿದಿರುವುದು ಅವರು ಬೈಯುವಾಗ ಮಾತ್ರ. ಲಸಿಕೆ ಹಾಕಲು ಶಾಲೆಗೆ ಬರುತ್ತಿದ್ದುದರಿಂದ ನನಗೆ ಪರಿಚಯ. ಅವರು ಏನನ್ನೂ ಕೇಳುವ ಮೊದಲು ಹುಡುಗಿಗೆ, "ಉಂಡ್ಯಾ?" ಎಂದರು. ಇಲ್ಲ ಎಂದಳು. ಅವಳು ಉಣ್ಣುತ್ತಿರುವಾಗ ನನ್ನನ್ನು ಹೊರಗೆ ಕರೆದರು.

"ಇಟ್ಕಳ್ತೀನಿ. ಆದ್ರೆ ಕದ್ದು ಅಲ್ಲ. ಪೊಲೀಸ್‌ನೋರಿಗೆ ಗೊತ್ತಿರಬೇಕು, ಮಕ್ಕಳ ಕಲ್ಯಾಣ ಸಮಿತಿಗೆ ಗೊತ್ತಿರಬೇಕು. ಎಲ್ಲರಿಗೂ ಗೊತ್ತಿದ್ರೇ ಮಗುಗೆ ಕ್ಷೇಮ."

ಸಂಜೆ ಮಹಿಳಾ ಪೇದೆಯೊಬ್ಬಳು ಬಂದು ನೋಡಿಹೋದಳು. ಮರುದಿನ ಸಿಸ್ಟರೇ ಹುಡುಗಿಯನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಸಮಿತಿಯ ಮುಂದೆ ಕೂರಿಸಿದರು. ಸದ್ಯಕ್ಕೆ ಹಾಸ್ಟೆಲಿನಲ್ಲೇ ಇರಲಿ ಎಂದು ಸಮಿತಿ ಹೇಳಿತು. ಆ ಸದ್ಯಕ್ಕೆ ಅನ್ನುವುದು ಎಲ್ಲಿಯವರೆಗೆ ಎಂದು ಯಾರೂ ಹೇಳಲಿಲ್ಲ. ಅಪ್ಪ, ಅಮ್ಮ ಮತ್ತು ನಾಲ್ಕು ವರ್ಷದ ತಮ್ಮನನ್ನು ಬೆಂಗಳೂರಿನ ಹೊರಗೆ ವಿದೇಶಿಯರನ್ನು ಇರಿಸುವ ಕೇಂದ್ರಕ್ಕೆ ಒಯ್ದಿದ್ದರು. ದಾಖಲೆ ಪರಿಶೀಲನೆ ಮುಗಿದ ಮೇಲೆ ಇಡೀ ಕುಟುಂಬವನ್ನು ಒಟ್ಟಿಗೆ ಗಡಿಗೆ ಕಳಿಸುವುದು ಕ್ರಮ. ಹಾಗಾಗಿ ಹುಡುಗಿಯನ್ನೂ ಬೇಗ ಅಲ್ಲಿಗೇ ಸೇರಿಸಬೇಕೆಂದು ಬೆಂಗಳೂರಿನ ವಿದೇಶಿಯರ ನೋಂದಣಿ ಕಚೇರಿಯಿಂದ ಪತ್ರ ಬಂದಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಇದ್ದದ್ದು ಮಾರ್ಚಿನಲ್ಲಿ.

"ಪರೀಕ್ಷೆವರೆಗಾದ್ರೂ ಬಿಡ್ರಿ ಅಂತ ಕೇಳಬೇಕು" ಎಂದರು ಸಿಸ್ಟರ್. "ನಾನೊಬ್ಳೇ ಕೇಳಿದ್ರೆ ಮತಾಂತರ ಅಂತಾರೆ. ನೀವೊಬ್ರೇ ಕೇಳಿದ್ರೆ ನಿಮ್ಮೋರು ಅಂತಾರೆ. ಎಲ್ಲರೂ ಬೇಕು."

ಆ ವಾರ ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಬ್ಯಾಂಕಿನ ಹೆಂಗಸು, ಒಳ್ಳೆಯವಳೇ, ದನಿ ಇಳಿಸಿ ಕೇಳಿದಳು: "ನಿಮ್ಮೋರಂತಲ್ಲ ಮೇಡಂ ಆ ಹುಡುಗಿ?"

"ನನ್ನ ಸ್ಟೂಡೆಂಟ್" ಎಂದೆ. ಅವಳು ಕಿಟಕಿಯ ಹೊರಗೆ ನೋಡತೊಡಗಿದಳು. ಮರುದಿನ ನನ್ನ ಪಕ್ಕ ಬೇರೆ ಯಾರೋ ಕುಳಿತಿದ್ದರು, ಆಮೇಲಿನ ದಿನ ಮತ್ತೆ ಅವಳೇ.

ಹೊಳಲ್ಕೆರೆಯ ಜಮಾತಿನ ಅಧ್ಯಕ್ಷರದು ಗಾದಿ ಅಂಗಡಿ. ಹತ್ತಿ ತುಂಬುವ ಕೆಲಸ ಈಗ ಕಡಿಮೆ, ಫೋಮಿನದೇ ಹೆಚ್ಚು. ನಮ್ಮ ಅಣ್ಣನಿಗೆ ಸಂಬಂಧದಲ್ಲಿ ಮಾವನಾಗಬೇಕು, ನಾನು ಚಾಚಾ ಅನ್ನುತ್ತೇನೆ. ಟೈಲ್ಸಿನವನನ್ನು ಅವರು ಬಲ್ಲರು. ಮಸೀದಿಯಲ್ಲಿ ಕೈಕಾಲು ತೊಳೆಯುವ ಕಡೆ ಜಾರುತ್ತಿದ್ದ ಹಳೇ ಕಲ್ಲು ಕಿತ್ತು ಟೈಲ್ಸ್ ಹಾಕಿದವನು ಅವನೇ. ಚಾಚಾ ನನಗೆ ಚಹಾ ತರಿಸಿ, ಹುಡುಗನನ್ನು ಗೋದಾಮಿಗೆ ಕಳಿಸಿ, ಉರ್ದುವಿನಲ್ಲಿ ಮಾತಾಡಿದರು.

"ಬೇಟಾ, ಮಗುವಿನ ವಿಷಯಕ್ಕೆ ಹೊಟ್ಟೆ ಉರಿಯುತ್ತೆ. ಆದರೆ ನಾವು ಹೋಗಿ ನಿಂತರೆ ಇವರೇ ತಂದಿಟ್ಟುಕೊಂಡಿದ್ದಾರೆ ಅಂತಾರೆ. ನಮ್ಮ ತಾತ ಮುತ್ತಾತ ಇಲ್ಲೇ ಮಣ್ಣಾಗಿದ್ದಾರೆ. ಆದರೂ ಪೊಲೀಸ್ ಜೀಪು ಬೀದಿಗೆ ಬಂದರೆ ನಮ್ಮ ಹುಡುಗರು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ, ಆಧಾರ್ ಇದೆಯಾ ಅಂತ."

ಅಣ್ಣನೂ ಮನೆಯಲ್ಲಿ ಅದನ್ನೇ ಹೇಳಿದ್ದ. ನಾನು ವಾದ ಮಾಡಲಿಲ್ಲ. ಅವರ ಭಯ ಸುಳ್ಳಲ್ಲ. ಚಹಾ ಕುಡಿದು ಎದ್ದಾಗ ಚಾಚಾ, "ಮಠದ ಬುದ್ಧಿಯವರು ಬರುತ್ತಾರಾ? ಅವರು ಬಂದರೆ ನಾನೂ ಬರುತ್ತೇನೆ" ಎಂದರು. ಬುದ್ಧಿಯವರು ಬರುವುದಿಲ್ಲ ಎಂಬ ಧೈರ್ಯದಲ್ಲೇ ಹಾಗೆ ಹೇಳಿದರು ಎಂದು ನನಗೆ ಅನ್ನಿಸಿತು.

ಊರಿನ ಹೊರಗೆ ಒಂದು ಸಣ್ಣ ಮಠವಿದೆ. ದೊಡ್ಡ ಮಠಗಳಂತೆ ಕಾಲೇಜುಗಳಿಲ್ಲ. ಒಂದು ಉಚಿತ ಪ್ರಸಾದ ನಿಲಯ, ಒಂದು ಪ್ರೈಮರಿ ಶಾಲೆ. ಊರವರು ಬುದ್ಧಿ ಎನ್ನುವ ಅಲ್ಲಿಯ ಸ್ವಾಮಿಗಳಿಗೆ ನಲವತ್ತರ ಆಚೀಚೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ನಮ್ಮ ಹೆಡ್‌ಮಾಸ್ಟರೇ. ಒಂದು ವಾರ ಅವರು ನನ್ನ ಹತ್ತಿರ ಆ ವಿಷಯ ಎತ್ತಿರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟಾಗ, "ಬರ್ರಿ ಮೇಡಂ, ಮಠಕ್ಕೆ ಹೋಗಾಣ" ಎಂದು ಸ್ಕೂಟರ್ ತೆಗೆದರು. ನಾನು ಆಟೋದಲ್ಲಿ ಹಿಂದೆ ಹೋದೆ.

ಸ್ವಾಮಿಗಳು ಪ್ರಸಾದ ನಿಲಯದ ಅಡುಗೆಮನೆಯ ಮುಂದೆ ನಿಂತು ಗ್ಯಾಸಿನವನ ಜೊತೆ ಮಾತಾಡುತ್ತಿದ್ದರು. ಆ ಅಡುಗೆಮನೆಯ ನೆಲವನ್ನೂ ಹಾಕಿದ್ದು ಅದೇ ಟೈಲ್ಸಿನವನು, ನನಗೆ ಆಮೇಲೆ ತಿಳಿಯಿತು. ನಮ್ಮನ್ನು ಕೂರಿಸಿ ಕೇಳಿಸಿಕೊಂಡರು. ಅಲ್ಲೇ ಕುಳಿತಿದ್ದ ಒಬ್ಬ ಭಕ್ತರು, ಎಪಿಎಂಸಿಯಲ್ಲಿ ವ್ಯಾಪಾರ ಮಾಡುವವರು, ತಡೆಯಲಾರದೆ ನಡುವೆ ಬಾಯಿ ಹಾಕಿದರು.

"ಬುದ್ಧಿ, ಕಳ್ಳದಾರೀಲಿ ಬಂದೋರು ಅವ್ರು. ನಾವು ಹೋಗಿ ಮಾತಾಡಿದ್ರೆ ಜನ ಏನಂತಾರೆ?"

"ಬಂದೋರು ಅವರಪ್ಪ ಅಮ್ಮ. ಈ ಹುಡುಗೀನ ಎತ್ಕಂಡು ಬಂದ್ರು" ಎಂದರು ಸ್ವಾಮಿಗಳು. "ಎತ್ಕಂಡು ಬರಾವಾಗ ಕೂಸಿಗೆ ಬ್ಯಾಡ ಅನ್ನಕ್ಕೆ ಆಗ್ತೈತಾ?"

"ಕಾನೂನು ಅಂತ ಐತಲ್ಲ ಬುದ್ಧಿ."

"ಐತೆ. ಕಾನೂನು ಬಿಡ್ರಿ ಅಂತ ನಾವು ಕೇಳಾದಿಲ್ಲ. ಪರೀಕ್ಷೆ ಬರೀಲಿ ಅಂತ ಕೇಳ್ತೀವಿ. ಇಲ್ಲ ಅಂದ್ರೆ ವಾಪಸ್ ಬರ್ತೀವಿ." ಆಮೇಲೆ ನನ್ನ ಕಡೆ ತಿರುಗಿ, "ಹುಡುಗಿ ಓದ್ತಾಳಾ ಟೀಚರ್?" ಎಂದರು.

"ಗಣಿತ ಕಷ್ಟ ಬುದ್ಧಿ."

"ಗಣಿತಕ್ಕೆ ನಮ್ಮ ಮೇಷ್ಟ್ರನ್ನ ಕಳಿಸ್ತೀನಿ. ಯಾವತ್ತು ಹೋಗಾಣ ಹೇಳ್ರಿ."

ಇದನ್ನು ಚಾಚಾಗೆ ತಿಳಿಸಿದಾಗ ಶೇರ್ವಾನಿ ಇಸ್ತ್ರಿಗೆ ಕೊಡಲು ಮನೆಗೆ ಫೋನ್ ಮಾಡಿದರು.

ನಾವು ಹೋದದ್ದು ಮಠದ ಕಾರಿನಲ್ಲಿ. ಮುಂದೆ ಸ್ವಾಮಿಗಳು, ಹಿಂದೆ ಚಾಚಾ, ಸಿಸ್ಟರ್, ನಾನು. ಹೊಳಲ್ಕೆರೆಯಿಂದ ಚಿತ್ರದುರ್ಗದ ದಾರಿಯಲ್ಲಿ ಸ್ವಾಮಿಗಳು, ಪ್ರಸಾದ ನಿಲಯದ ಹುಡುಗರಿಗೆ ಗಾದಿ ಹಾಕಿಸಿದರೆ ತಿಗಣೆ ಬರುತ್ತದೋ ಇಲ್ಲವೋ ಎಂದು ಚಾಚಾರನ್ನು ಕೇಳಿದರು. ಚಾಚಾಗೆ ಜೀವ ಬಂದಂತಾಯಿತು. ತಿಗಣೆಯ ಬಗ್ಗೆ ದುರ್ಗ ಬರುವವರೆಗೆ ಹೇಳಿದರು. ಸಿಸ್ಟರ್ ಮಣಿಸರ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಪ್ರಾರ್ಥನೆ ಮಾಡುತ್ತಿದ್ದರೋ ನಿದ್ದೆಯೋ ಗೊತ್ತಾಗಲಿಲ್ಲ.

ಜಿಲ್ಲಾಧಿಕಾರಿ ಉತ್ತರ ಭಾರತದ ಕಡೆಯ ತರುಣಿ. ಬಂದು ಬಹಳ ದಿನವಾಗಿರಲಿಲ್ಲ. ನಾವು ಹೊರಗೆ ತುಂಬಾ ಹೊತ್ತು ಕಾದೆವು. ಕಾವಿ, ಬಿಳಿ ಗಡ್ಡ, ಸನ್ಯಾಸಿನಿಯ ಉಡುಪು ಒಂದೇ ಬೆಂಚಿನ ಮೇಲೆ ಇದ್ದುದರಿಂದ ಹೋಗಿ ಬರುವವರು ನಿಂತು ನೋಡಿದರು. ಶಾಂತಿ ಸಭೆ ಏನಾದರೂ ಇದೆಯಾ ಎಂದು ಒಬ್ಬ ಜವಾನ ಬಂದು ಕೇಳಿದ.

ಒಳಗೆ ಆಕೆ ಕಲಿತ ಕನ್ನಡದಲ್ಲಿ, ಪ್ರತಿ ಪದವನ್ನೂ ಬಿಡಿಸಿ ಮಾತಾಡಿದರು. "ಅವರನ್ನು ಇಲ್ಲೇ ಇಟ್ಟುಕೊಳ್ಳಿ ಎಂದು ನೀವು ಕೇಳಿದರೆ ನನ್ನ ಕೈಯಲ್ಲಿ ಇಲ್ಲ."

"ಕೇಳಾದು ಅದಲ್ಲ ತಾಯಿ. ಮಾರ್ಚಿವರೆಗೆ" ಎಂದರು ಸ್ವಾಮಿಗಳು.

"ಹುಡುಗಿ ತಪ್ಪಿಸಿಕೊಂಡು ಹೋದರೆ ಯಾರು ಜವಾಬ್ದಾರಿ?"

ನಾನು ಚಾಚಾರ ಮುಖ ನೋಡಲಿಲ್ಲ. ಮೊದಲು ಬಾಯಿ ತೆರೆದವರು ಅವರೇ. "ನಾನು ಮೇಡಂ. ನನ್ನ ಅಂಗಡಿ ಬಸ್‌ಸ್ಟ್ಯಾಂಡ್ ರಸ್ತೇಲಿ ಐತೆ, ಎಲ್ಲರಿಗೂ ಗೊತ್ತು. ಅವಳು ಓಡೋದ್ರೆ ನನ್ನ ಹಿಡ್ಕಂಡು ಬರ್ರಿ." ಸಿಸ್ಟರ್, "ನಾನೂ" ಎಂದರು. ಸ್ವಾಮಿಗಳು, "ಮೂರೂ ಜನ ಅಂತ ಬರ್ಕಳ್ರಿ" ಎಂದರು.

ಜಿಲ್ಲಾಧಿಕಾರಿ ಪೆನ್ನಿನಿಂದ ಮೇಜು ತಟ್ಟುತ್ತಾ ಯೋಚಿಸಿದರು. ನನ್ನನ್ನು, "ಅವಳು ಪಾಸ್ ಆಗುತ್ತಾಳಾ?" ಎಂದು ಕೇಳಿದರು. ಆಗುತ್ತಾಳೆ ಎಂದೆ. ಸಮಿತಿಯವರ ಜೊತೆ, ಬೆಂಗಳೂರಿನ ಕಚೇರಿಯ ಜೊತೆ ತಾವೇ ಮಾತಾಡುವುದಾಗಿ ಹೇಳಿ ಕಳಿಸಿದರು. ಕೆಲವು ದಿನಗಳ ಮೇಲೆ ಪರೀಕ್ಷೆ ಮುಗಿಯುವವರೆಗೆ ಹಾಸ್ಟೆಲಿನಲ್ಲಿ ಇರಬಹುದೆಂದು ಸಮಿತಿ ತಿಳಿಸಿತು.

ಮಠದ ಗಣಿತದ ಮೇಷ್ಟ್ರು ವಾರಕ್ಕೆ ಮೂರು ಸಂಜೆ ಹಾಸ್ಟೆಲಿಗೆ ಬಂದು, ಸಿಸ್ಟರು ವರಾಂಡದಲ್ಲಿ ಹಾಕಿದ ಕುರ್ಚಿಯಲ್ಲಿ ಕೂತು ಹೇಳಿಕೊಟ್ಟರು. ಹಾಸ್ಟೆಲಿನ ಉಳಿದ ಹುಡುಗಿಯರೂ ಬಂದು ಸೇರಿಕೊಂಡದ್ದರಿಂದ ಅದು ಒಂದು ಸಣ್ಣ ತರಗತಿಯೇ ಆಯಿತು. ಆ ವರ್ಷ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ರಂಜಾನ್ ಬಂತು. ಪರೀಕ್ಷೆ ಇರುವ ದಿನ ಉಪವಾಸ ಬೇಡ ಎಂದು ನಾನೂ ಹೇಳಿದೆ, ಚಾಚಾ ಮನೆಯ ಹೆಂಗಸರೂ ಹೇಳಿದರು. ಅವಳು ಕೇಳಲಿಲ್ಲ. ಸಿಸ್ಟರ್ ಬೆಳಗಿನ ಜಾವ ಎದ್ದು ಅವಳಿಗೆ ಅನ್ನ ಬಿಸಿ ಮಾಡಿ, ಎದುರು ಕೂತು ಉಣಿಸಿ, ಆಮೇಲೆ ತಮ್ಮ ಪ್ರಾರ್ಥನೆಗೆ ಹೋಗುತ್ತಿದ್ದರು. ಸಂಜೆ ಚಾಚಾ ಮನೆಯಿಂದ ಡಬ್ಬಿ ಬರುತ್ತಿತ್ತು. ಅದರಲ್ಲಿ ಯಾವಾಗಲೂ ಅವಳೊಬ್ಬಳು ತಿನ್ನುವುದಕ್ಕಿಂತ ಹೆಚ್ಚು ಇರುತ್ತಿತ್ತು.

ಎಲ್ಲ ಸಲೀಸಾಗಿ ನಡೆಯಲಿಲ್ಲ. ಇಬ್ಬರು ಪೋಷಕರು ಶಾಲೆಗೆ ಬಂದು, ನಮ್ಮ ಮಕ್ಕಳ ಪಕ್ಕ ಅವಳನ್ನು ಕೂರಿಸಬೇಡಿ ಎಂದರು. ಹೆಡ್‌ಮಾಸ್ಟರು, "ಪರೀಕ್ಷೇಲಿ ಯಾರ ಪಕ್ಕಾನೂ ಯಾರೂ ಕೂರಂಗಿಲ್ಲ, ನಂಬರ್ ಪ್ರಕಾರ" ಎಂದು ಕಳಿಸಿದರು. ಮಠದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಸ್ವಾಮಿಗಳ ಬಗ್ಗೆ ಕೆಟ್ಟದಾಗಿ ಬರೆದು ಗುಂಪು ಬಿಟ್ಟು ಹೋದರಂತೆ. ಮಸೀದಿಯಲ್ಲೂ ಒಬ್ಬರು, ನಮ್ಮ ಹುಡುಗಿಯನ್ನು ಸನ್ಯಾಸಿನಿಯರ ಹತ್ತಿರ ಬಿಟ್ಟಿದ್ದು ಯಾಕೆ ಎಂದು ಚಾಚಾರ ಮೇಲೆ ಕೂಗಾಡಿದರು. ಇವೆಲ್ಲ ಹುಡುಗಿಯ ಕಿವಿಗೂ ಬಿದ್ದಿರಬೇಕು. ಅವಳು ನನ್ನ ಹತ್ತಿರ ಒಂದು ದಿನವೂ ಆ ವಿಷಯ ಎತ್ತಲಿಲ್ಲ. ಕೇಳುತ್ತಿದ್ದುದು ಸಮಾಸ, ಸಂಧಿ, ಪ್ರಬಂಧ.

ವಾರಕ್ಕೊಮ್ಮೆ ಕೇಂದ್ರದಿಂದ ಅಮ್ಮನ ಫೋನ್ ಬರುತ್ತಿತ್ತು. ಒಂದು ಸಲ ನಾನು ಅಲ್ಲೇ ಇದ್ದೆ. ಬಂಗಾಳಿಯಲ್ಲಿ ಅಮ್ಮ ಜೋರಾಗಿ ಏನೋ ಹೇಳುತ್ತಿದ್ದಳು, ಇವಳು ಹೂಂಗುಟ್ಟುತ್ತಿದ್ದಳು. ಏನಂತೆ ಎಂದು ಕೇಳಿದೆ. "ತಲೆಗೆ ಎಣ್ಣೆ ಹಾಕ್ಕಳಲ್ವಂತೆ ನಾನು. ಅಲ್ಲಿಂದ್ಲೇ ಹೆಂಗೆ ಗೊತ್ತಾಯ್ತೋ" ಎಂದಳು.

ಪರೀಕ್ಷೆ ಬರೆದಳು. ಫಲಿತಾಂಶ ಬರುವವರೆಗೂ ಇರಲಿ ಎಂದು ಸಮಿತಿ ಒಪ್ಪಿತು. ಬಂದಾಗ ಮೊದಲ ದರ್ಜೆ. ಗಣಿತದಲ್ಲಿ ನಾನು ಹೆದರಿದ್ದಕ್ಕಿಂತ ಚೆನ್ನಾಗಿಯೇ ಬಂದಿತ್ತು. ಚಾಚಾ ಮಠಕ್ಕೆ ಹೋಗಿ ಸ್ವಾಮಿಗಳಿಗೆ ಲಾಡು ಕೊಟ್ಟು ಬಂದರು.

ಆಮೇಲೆ ನಾವು ಮತ್ತೆ ಸೇರಿದೆವು. ಈ ಸಲ ಹಾಸ್ಟೆಲಿನ ವರಾಂಡದಲ್ಲಿ. ಮುಂದೆ ಏನು ಕೇಳಬೇಕು ಎಂಬುದು ಮಾತು. ಒಂದು ಸಲ ಸಿಕ್ಕಿದ್ದರಿಂದ ಎಲ್ಲರಿಗೂ ಧೈರ್ಯ ಬಂದಿತ್ತು. ಪಿಯುಸಿ ಮುಗಿಯುವವರೆಗೆ ಬಿಡಿ ಎಂದು ಕೇಳೋಣ, ಸಿರಿಗೆರೆಯ ಕಡೆ ಒಳ್ಳೆಯ ಕಾಲೇಜುಗಳಿವೆ, ಅಲ್ಲಿ ಸೀಟು ಕೊಡಿಸುವ ಪ್ರಯತ್ನ ಮಾಡುತ್ತೇನೆ ಎಂದರು ಸ್ವಾಮಿಗಳು. ಚಾಚಾ ಬಟ್ಟೆಬರೆ ನಮ್ಮದು ಎಂದರು. ಬೆಂಗಳೂರಿನ ಒಬ್ಬ ವಕೀಲರು, ಅರ್ಜಿ ಹಾಕಿದರೆ ಹೈಕೋರ್ಟಿನಲ್ಲಿ ವಾದಿಸಬಹುದು ಎಂದಿದ್ದರು. ನಾನು ಪುಸ್ತಕಗಳ ಬಗ್ಗೆ ಏನೋ ಹೇಳಿದೆ. ಸಿಸ್ಟರ್ ಮಾತ್ರ ಹುಡುಗಿಯನ್ನು ಕರೆದರು.

"ನೀನು ಹೇಳು ಮಗಾ. ಏನು ಕೇಳಬೇಕು ನಾವು?"

ಅವಳು ಕಂಬಕ್ಕೆ ಒರಗಿ ನಿಂತಿದ್ದಳು. "ನಾನು ಅಮ್ಮನ ಜೊತೆ ಹೋಗ್ತೀನಿ ಸಿಸ್ಟರ್" ಎಂದಳು.

ಚಾಚಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅಲ್ಲಿ ಏನೈತೆ ಬೇಟಿ? ನಿಂಗೆ ಆ ಅಕ್ಷರಾನೂ ಬರಲ್ಲ."

"ಬರಲ್ಲ."

"ಓದಕ್ಕೆ ಇಷ್ಟ ಇಲ್ವಾ ಅವ್ವಾ?" ಎಂದರು ಸ್ವಾಮಿಗಳು.

"ಇಷ್ಟ ಐತೆ ಬುದ್ಧಿ. ಆದ್ರೆ ತಮ್ಮ ನನ್ನ ಮರೀತಾ ಅವನೆ. ಫೋನಲ್ಲಿ ನಾನು ಮಾತಾಡಿದ್ರೆ, ಯಾರದು ಅಂತ ಅಮ್ಮನ್ನ ಕೇಳ್ತಾನೆ."

ಅವಳೇ ಮತ್ತೆ, "ಬೇಜಾರು ಮಾಡ್ಕಬ್ಯಾಡ್ರಿ" ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ನಮಗೆಲ್ಲ ಚಹಾ ತಂದಳು.

ನಾವು ನಾಲ್ಕು ಜನ ಅಷ್ಟು ತಿಂಗಳು ಅವಳ ಬಗ್ಗೆ ಎಷ್ಟೋ ಕಡೆ ಮಾತಾಡಿದ್ದೆವು. ಈ ಪ್ರಶ್ನೆಯನ್ನು ಕೇಳಬೇಕೆಂದು ಸಿಸ್ಟರಿಗೊಬ್ಬರಿಗೇ ಹೊಳೆದಿತ್ತು. ಚಾಚಾಗೆ ತುಂಬಾ ನೋವಾಗಿತ್ತು, ಚಹಾ ಮುಟ್ಟಲಿಲ್ಲ. ಸ್ವಾಮಿಗಳು, "ಹಂಗಾದ್ರೆ ಚೆನ್ನಾಗಿ ಹೋಗಂಗೆ ಮಾಡಾಣ" ಎಂದರು.

ಚೆನ್ನಾಗಿ ಹೋಗುವುದೆಂದರೆ ಏನೆಂದು ಯೋಚಿಸಿ ಮತ್ತೆ ಜಿಲ್ಲಾಧಿಕಾರಿಯನ್ನು ನೋಡಿದೆವು. ಪೊಲೀಸ್ ವ್ಯಾನು ಬೇಡ, ನಾವೇ ಕರೆದುಕೊಂಡು ಹೋಗಿ ಬಿಡುತ್ತೇವೆ ಎಂದು ಕೇಳಿದೆವು. ಆಕೆ ಒಪ್ಪಿದರು, ಜೊತೆಗೆ ಮಫ್ತಿಯಲ್ಲಿ ಒಬ್ಬ ಮಹಿಳಾ ಪೇದೆ ಇರಬೇಕೆಂದರು. ಅಂಕಪಟ್ಟಿಯ ಇಂಗ್ಲಿಷ್ ಪ್ರತಿ ಮಾಡಿಸಿ, ದೃಢೀಕರಿಸಿಕೊಡಲು ಹೆಡ್‌ಮಾಸ್ಟರು ಎರಡು ಸಲ ಚಿತ್ರದುರ್ಗಕ್ಕೆ ಓಡಾಡಿದರು. ಚಾಚಾ ಮನೆಯಲ್ಲಿ ಅವಳಿಗೆ, ಅವಳ ಅಮ್ಮನಿಗೆ, ತಮ್ಮನಿಗೆ ಬಟ್ಟೆ ಹೊಲಿಸಿದರು. ಅಳತೆ ಗೊತ್ತಿಲ್ಲದೆ ತಮ್ಮನದು ತುಂಬಾ ದೊಡ್ಡದಾಯಿತು.

ಬೆಂಗಳೂರಿಗೆ ಹೋದವರು ಸಿಸ್ಟರ್, ನಾನು, ಹುಡುಗಿ ಮತ್ತು ಪೇದೆ. ಹಿರಿಯೂರು ದಾಟುವಾಗ ಅವಳು ತಾನು ಓದಿದ ಶಾಲೆ ಯಾವ ಕಡೆ ಬರುತ್ತದೆಂದು ತೋರಿಸಿದಳು. ಹೆದ್ದಾರಿಯಿಂದ ಅದು ಕಾಣುವುದಿಲ್ಲ. ಕೇಂದ್ರದ ಗೇಟಿನ ಒಳಗೆ ಒಂದು ಕೋಣೆಯಲ್ಲಿ ನಮ್ಮನ್ನು ಕೂರಿಸಿದರು. ಅಮ್ಮ ಬಂದಳು. ಸಣ್ಣ ಹೆಂಗಸು. ಮಗಳನ್ನು ಅಪ್ಪಿಕೊಂಡು, ಬಿಟ್ಟು, ತಲೆಗೂದಲನ್ನು ಕೈಯಲ್ಲಿ ಹಿಡಿದು ನೋಡಿ ಬೈಯತೊಡಗಿದಳು. ಸಿಸ್ಟರ್ ನಕ್ಕರು. ತಮ್ಮ ಅಮ್ಮನ ಹಿಂದೆ ಅವಿತು ಅಕ್ಕನನ್ನು ನೋಡುತ್ತಿದ್ದ. ಹತ್ತಿರ ಬರಲು ಬಹಳ ಹೊತ್ತು ಹಿಡಿಯಿತು. ಅಪ್ಪ ನನಗೆ ಕೈಮುಗಿದು, "ನಮ್ಮಿಂದ ನಿಮ್ಗೆಲ್ಲ ತೊಂದ್ರೆ ಆಯ್ತು ಮೇಡಂ" ಎಂದ. ಏನಿಲ್ಲ ಬಿಡಿ ಎಂದೆ.

ಮಳೆಗಾಲದಲ್ಲಿ ಅವರನ್ನು ಗಡಿ ದಾಟಿಸಿದರೆಂದು ಸಿಸ್ಟರಿಗೆ ಯಾರೋ ತಿಳಿಸಿದರು. ಆಮೇಲೆ ಏನೂ ಸುದ್ದಿ ಇರಲಿಲ್ಲ. ಶಾಲೆ ಶುರುವಾಯಿತು, ಹೊಸ ಮಕ್ಕಳು ಬಂದರು. ಹೆಡ್‌ಮಾಸ್ಟರು ಯಾವ ತೊಂದರೆಯೂ ಇಲ್ಲದೆ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಅವರು ಮಾತಾಡಿದ್ದು ಶಾಲೆಯ ಕಾಂಪೌಂಡಿನ ಬಗ್ಗೆ.

ದಸರಾ ರಜೆಯಲ್ಲಿ ನನ್ನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಧ್ವನಿ ಸಂದೇಶ ಬಂತು.

"ಮಿಸ್, ನಾನು. ಇದು ಮಾಮನ ಫೋನು. ಚೆನ್ನಾಗಿದೀನಿ. ಇಲ್ಲಿ ಸ್ಕೂಲಿಗೆ ಸೇರಿಸಿದ್ರು, ಎರಡು ಕ್ಲಾಸ್ ಕೆಳಗೆ ಹಾಕವ್ರೆ. ಮಾತಾಡಕ್ಕೆ ಬರ್ತೈತೆ, ಬರೆಯಕ್ಕೆ ಬರಲ್ಲ, ಅದಕ್ಕೆ. ಚಿಕ್ಕ ಮಕ್ಕಳ ಜೊತೆ ಕೂತು ಅಕ್ಷರ ಬರೀತೀನಿ. ಇಲ್ಲಿ ಎಲ್ಲರೂ ನನ್ನ ಇಂಡಿಯಾದೋಳು ಅಂತಾರೆ ಮಿಸ್. ಅಬ್ಬಂಗೆ ಕೆಲಸ ಸಿಕ್ಕೈತೆ. ತಮ್ಮ ನನ್ನ ಬಿಟ್ಟು ಎಲ್ಲೂ ಹೋಗಲ್ಲ. ಬುದ್ಧಿಗೆ, ಸಿಸ್ಟರಿಗೆ, ಚಾಚಾಗೆ ಹೇಳ್ರಿ."

ನಾನು ಅದನ್ನು ಮೂವರಿಗೂ ಕೇಳಿಸಿದೆ. ಸಿಸ್ಟರ್ ಕಣ್ಣು ಒರೆಸಿಕೊಂಡು ದವಾಖಾನೆಯ ಸರದಿಯವರನ್ನು ಒಳಗೆ ಕರೆದರು. ಸ್ವಾಮಿಗಳು, "ಕಲೀತಾಳೆ ಬಿಡ್ರಿ, ಗಣಿತಾನೇ ಕಲ್ತಳಲ್ಲ" ಎಂದರು. ಚಾಚಾ ಅಂಗಡಿಯ ಮುಂದೆ ಬಿಸಿಲಿಗೆ ಹಾಕಿದ್ದ ಹತ್ತಿಯಲ್ಲಿ ಕೈಯಾಡಿಸುತ್ತಾ ಎರಡು ಸಲ ಕೇಳಿದರು. ಆ ಊರಿನಲ್ಲಿ ಊಟಕ್ಕೆ ಏನು ಸಿಗುತ್ತದಂತೆ, ಕೇಳು ಎಂದರು.

ಕೇಳಿದೆ. ಅನ್ನ, ಮೀನು, ಎಂದು ಸಂಜೆ ಉತ್ತರ ಬಂತು. ಮುದ್ದೆ ಮಾಡಿಕೊಡು ಅಂದರೆ ಅಮ್ಮ, ರಾಗಿ ಎಲ್ಲಿಂದ ತರಲಿ ಅಂತಾಳೆ, ಎಂದೂ ಇತ್ತು.